ಬ್ಯಾಟರಿ ಇನ್ಮ್ಯಾಲೆ ಹೈವೇಕ್ಕಲ್ಲ, ಚಕ್ಕಡಿ ದಾರಿಗೆ

ನಮ್ಮ ಗಾಡಿ ಹತ್ತಿದ ಎಲ್ಲಾ ಅಣ್ಣಾರಿಗೆ, ಅಕ್ಕಾರಿಗೆ, ಕಾಕಾ-ಮಾಮಾಗಳಿಗೆ ಹುಬ್ಬಳ್ಳಿಯಿಂದ ನಮಸ್ಕಾರ್ರಿ.

ಈ ದೀಪಾವಳಿ ಪಾಡ್ಯದಿಂದ ನಮ್ಮ ಬಾಡಿಗಿ ಗಾಡಿ (ಪೆಟ್ರೋಲೂ ಬ್ಯಾಟರಿನೂ ಇರೋ ಪ್ಲಗ್-ಇನ್ ಹೈಬ್ರಿಡ್) ಟ್ರಿಪ್‌ನ್ಯಾಗ ಒಂದು ಬದಲಾವಣಿ ಮಾಡಾಕತ್ತೇವಿ. ಹುಬ್ಬಳ್ಳಿ ಬಿಟ್ಟ ಕೂಡ್ಲೆ ಗಾಡಿ ಸಪ್ಪಳಾ ಇಲ್ದ ಬ್ಯಾಟರಿಮ್ಯಾಲೆ ಹೋಗ್ತಿತ್ತಲ್ಲ, ಇನ್ನ ಹಂಗ ಹೋಗಂಗಿಲ್ಲ. ಹೈವೇದಾಗ ಪೆಟ್ರೋಲ್ ಇಂಜಿನ್, ಡಾಂಬರ್ ಮುಗಿದ ಮ್ಯಾಲೆ ಬ್ಯಾಟರಿ. ಬಿಲ್ ಹಾಕೋ ಲೆಕ್ಕಾನೂ ಅದಕ್ಕ ತಕ್ಕಂಗ ಬದಲಾಗ್ತೈತಿ. ಫೋನ್‌ನ್ಯಾಗ ಒಬ್ಬೊಬ್ರಿಗೆ ಹೇಳಿ ಹೇಳಿ ಗಂಟಲ ಹರೀತು, "ಕರೆಂಟ್ ಗಾಡಿ ಅಂತ ಹೇಳಿ ಪೆಟ್ರೋಲ್ ರೊಕ್ಕ ಕೇಳ್ತೀರೇನ್ರಿ" ಅಂತ ಇಬ್ರು ಮೂರು ಮಂದಿ ಮಾರೀಮ್ಯಾಲೇ ಕೇಳಿದ್ರು, ತಪ್ಪಿಲ್ಲ ಅವ್ರದು, ಹಂಗ ಹೇಳಿದವ್ರು ನಾವ. ಅದಕ್ಕ ಎಲ್ಲಾ ಬಿಚ್ಚಿ ಬರದೇವಿ, ಸ್ವಲ್ಪ ಉದ್ದ ಐತಿ, ಚಾ ಕುಡ್ಕೋಂತ ಓದ್ರಿ.

ಮೊದ್ಲ ಯಾಕ ಬದಲಾಯಿಸಿದ್ವಿ ಅನ್ನೋದು. ಹೋದ ವರ್ಷ ಚಳಿಗಾಲದಾಗ ಮಾಗಡಿ ಕೆರಿಗೆ ಒಂದು ಫ್ಯಾಮಿಲಿ ಕರ್ಕೊಂಡು ಹೋಗಿದ್ವಿ. ಗದಗಿಂದ 26 ಕಿಲೋಮೀಟರ್, ಶಿರಹಟ್ಟಿ ತಾಲೂಕು. ಪಟ್ಟೆತಲೆ ಹೆಬ್ಬಾತು ಅಂತ ಹಿಮಾಲಯದ ಆಚಿಂದ ಹಾರಿ ಬರೋ ಹಕ್ಕಿ ಅಲ್ಲಿ ಇಳೀತಾವ, 2024ರಾಗ ರಾಮ್ಸರ್ ಅನ್ನೋ ಜಗತ್ತಿನ ಮುಖ್ಯ ಕೆರಿ-ಜೌಗು ನೆಲಗಳ ಪಟ್ಟಿಗೂ ಸೇರೈತಿ ಆ ಕೆರಿ. ಆ ಅಕ್ಕಾರು ಬುಕ್ ಮಾಡೋಮುಂದ ಕೇಳಿದ್ದು ಒಂದ ಮಾತು, "ಗಾಡಿ ಸಪ್ಪಳಾ ಮಾಡಂಗಿಲ್ಲಲ್ರಿ?" ನಾವು ಎದಿ ತಟ್ಟಿ ಹೇಳಿದ್ವಿ, ಇಲ್ರೀ ಅಕ್ಕಾರ, ಪೂರ್ತಿ ಚಾರ್ಜ್ ಐತಿ ಅಂತ. ನಸುಕಿನ್ಯಾಗ ಹುಬ್ಬಳ್ಳಿ ಬಿಟ್ವಿ, ರೋಡ್ ಖಾಲಿ ಇತ್ತು, ನಮ್ಮ ಹುಡುಗ 90-100ರಾಗ ಹೊಡದ, ಅಣ್ಣಿಗೇರಿ ಬರೋದ್ರಾಗ ಬ್ಯಾಟರಿ ಸೊನ್ನೆ. ಮುಂದ ಹುಲಕೋಟಿ, ಗದಗ, ಕೆರಿ ತನಕ ಇಂಜಿನ್. ಕೆರಿ ಪಕ್ಕದ ಕಚ್ಚಾ ರೋಡಿಗೆ ಇಳದು ಒಂದು ಸಣ್ಣ ದಿಬ್ಬ ಹತ್ತಾಕ ಆಕ್ಸಿಲರೇಟರ್ ಒತ್ತಿದ್ದ ತಡ, ಇಂಜಿನ್ ಗುರ್ ಅಂತು, ಹೊಲದಾಗ ಮೇಯಾಕತ್ತಿದ್ದ ಹಕ್ಕಿ ಹಿಂಡ ಒಮ್ಮೆಲೆ ಎದ್ದು ಹೋತು. ಆ ಅಕ್ಕಾರು ಒಂದ ಮಾತೂ ಬೈಲಿಲ್ಲ. ಬೈದಿದ್ರ ಚಲೋ ಇತ್ತು.

ಅವತ್ತ ತಿಳೀತು, ಬ್ಯಾಟರಿ ಸಣ್ಣದಲ್ಲ, ನಾವು ಅದನ್ನ ಖರ್ಚ ಮಾಡಬಾರದ ಕಡೆ ಖರ್ಚ ಮಾಡಾಕತ್ತಿದ್ವಿ ಅಂತ.

ಈ ಪ್ಲಗ್-ಇನ್ ಹೈಬ್ರಿಡ್ ಅನ್ನೋದು ಪೂರ್ತಿ ಎಲೆಕ್ಟ್ರಿಕ್ ಅಲ್ರೀ. ಪೆಟ್ರೋಲ್ ಇಂಜಿನ್ನೂ ಐತಿ, ಮೋಟಾರೂ ಐತಿ, ಮನಿ ಸಾಕೆಟ್ಟಿಗೆ ಹಚ್ಚಿ ತುಂಬೋ ನಡುಮಟ್ಟದ ಬ್ಯಾಟರಿನೂ ಐತಿ. ಅಮೆರಿಕಾದಾಗ ಮಾರಿದ ಜೀಪ್ ರ‍್ಯಾಂಗ್ಲರ್ 4ಎಕ್ಸ್ಇ ತಗೋರಿ, 17.3 ಯೂನಿಟ್ ಬ್ಯಾಟರಿ, ಅಲ್ಲಿನ ಸರ್ಕಾರಿ ಲೆಕ್ಕದಾಗ 34 ಕಿಲೋಮೀಟರ್. ಲ್ಯಾಂಡ್ ರೋವರ್ ಡಿಫೆಂಡರ್ ಪ್ಲಗ್-ಇನ್ ಇತ್ತಲ್ಲ, ಅದು 19.2 ಯೂನಿಟ್, ಯುರೋಪಿನ ಲೆಕ್ಕದಾಗ 43 ಕಿಲೋಮೀಟರ್. ನಾವು ಮೂರು ಮಂದಿ ಪಾಲುದಾರ್ರು ಸಾಲಾ ಮಾಡಿ ತಗೊಂಡ ಸೆಕೆಂಡ್ ಹ್ಯಾಂಡ್ ಗಾಡಿನೂ ಇದ ಜಾತೀದು, ಹೆಚ್ಚೂ ಇಲ್ಲ ಕಡಿಮೀನೂ ಇಲ್ಲ. ಬ್ಯಾಟರಿ ತುಂಬಿದ್ರೂ ಅದರಾಗ ಒಂದಿಷ್ಟು ಗಾಡಿ ತನಗಂತ ಕಾದಿಟ್ಕೊಂತೈತಿ, ನಮ್ಮ ಕೈಗೆ ಸಿಗೋದು 15 ಯೂನಿಟ್ ಆಸುಪಾಸು. ಆ ಕಾದಿಟ್ಟ ಚಾರ್ಜ್ ಇರೋದ್ರಿಂದ ಮೀಟರ್‌ನ್ಯಾಗ ಸೊನ್ನೆ ತೋರಿಸಿದ್ರೂ ಗಾಡಿ ನಡುದಾರ್ಯಾಗ ನಿಲ್ಲಂಗಿಲ್ಲ, ಇಂಜಿನ್ ಚಾಲೂ ಆಗಿ ಕರ್ಕೊಂಡ ಹೋಗ್ತೈತಿ. ಅಡವ್ಯಾಗ ಸಿಕ್ಕೊಂತೇವಿ ಅನ್ನೋ ಅಂಜಿಕಿ ಬ್ಯಾಡ್ರಿ.

ಈಗ ಆ 15 ಯೂನಿಟ್ ಎಲ್ಲಿ ಖರ್ಚ ಮಾಡೋದು? ಹೈವೇದಾಗ ಗಾಳಿನ ದೊಡ್ಡ ವೈರಿ. 60ರಾಗ ಹೋಗೋ ಗಾಡಿ 100ರಾಗ ಹೋದ್ರ ಗಾಳಿ ತಡಿಯೋದು ಹತ್ರ ಹತ್ರ ಮೂರು ಪಟ್ಟು ಆಗ್ತೈತಿ, ಅದರಾಗ ನಮ್ಮ ಗಾಡಿ ಆಕಾರ ಗೋದ್ರೆಜ್ ತಿಜೋರಿ ಇದ್ದಂಗ ಐತಿ. ಆದ್ರ ಪೆಟ್ರೋಲ್ ಇಂಜಿನ್ನಿಗೆ ಹೈವೇ ಅಂದ್ರ ಹಬ್ಬ, ಒಂದ ಸ್ಪೀಡಿನ್ಯಾಗ ನಿಂತು ಓಡಿದ್ರ ಅದು ಚಲೋ ಮೈಲೇಜ್ ಕೊಡ್ತೈತಿ, ನಮ್ಗ ಲೀಟರಿಗೆ ಹತ್ತರ ಹತ್ರ ಬರ್ತೈತಿ. ಅದ ಇಂಜಿನ್ ಚಕ್ಕಡಿ ದಾರ್ಯಾಗ ಒಂದನೇ ಗೇರಿನ್ಯಾಗ ತೆವಳಾಕತ್ರ ಐದೂ ಕೊಡಂಗಿಲ್ಲ, ನಿಂತಲ್ಲೇ ಸುಡ್ತೈತಿ. ಮೋಟಾರ್ ಇದರ ಉಲ್ಟಾ. ಗಾಲಿ ತಿರುಗೋಕಿಂತ ಮೊದ್ಲ ಪೂರ್ತಿ ಜೋರು ಕೈಯಾಗ ಇರ್ತೈತಿ, ಕ್ಲಚ್ ಹಿಡಿಯೋ ಗೋಜಿಲ್ಲ, ಕಲ್ಲಿನಮ್ಯಾಲೆ ಗಾಲಿ ಇಡೋಮುಂದ ಇಂಚ್ ಇಂಚ್ ಲೆಕ್ಕದಾಗ ಸರಸಬಹುದು, ನಿಂತಾಗ ಖರ್ಚು ಇಲ್ಲ. ಬಸಣ್ಣನ ಕೆಲಸ ಬಸಣ್ಣಗ, ಮಲ್ಲಣ್ಣನ ಕೆಲಸ ಮಲ್ಲಣ್ಣಗ ಕೊಟ್ಟಂಗ.

ಅದಕ್ಕ ಇನ್ಮ್ಯಾಲೆ ಗಾಡಿ ಶುರು ಮಾಡೋಮುಂದನ ನಮ್ಮ ಹುಡುಗ ಸೇವ್ ಅನ್ನೋ ಬಟನ್ ಒತ್ತತಾನ. ಅಂದ್ರ ಬ್ಯಾಟರಿ ಇದ್ದಷ್ಟ ಇರ್ಲಿ, ಇಂಜಿನ್ ಓಡ್ಲಿ ಅಂತ. ಒಬ್ಬ ಕಾಕಾ ಕೇಳಿದ್ರು, ಹಂಗಂದ್ರ ಹೋಗೋ ದಾರ್ಯಾಗ ಇಂಜಿನ್‌ಲೇ ಬ್ಯಾಟರಿ ತುಂಬ್ಸಬಹುದಲ್ಲೋ ತಮ್ಮಾ ಅಂತ. ಆಗ್ತೈತ್ರಿ ಕಾಕಾ, ಆದ್ರ ಪೆಟ್ರೋಲ್ ಸುಟ್ಟು ಕರೆಂಟ್ ಮಾಡಿ, ಆ ಕರೆಂಟ್ ಬ್ಯಾಟರಿಗೆ ಹಾಕಿ, ಮತ್ತ ತಗದು ಗಾಲಿ ತಿರುಗ್ಸಿದ್ರ ಪ್ರತಿ ಸಲ ಒಂದೊಂದಿಷ್ಟು ಸೋರ್ತೈತಿ. ಇದ್ದದ್ದು ಕಾಯೋದು ಬ್ಯಾರೆ, ಹಂಗ ತುಂಬ್ಸೋದು ಬ್ಯಾರೆ. ನಾವು ಕಾಯೋದಷ್ಟ ಮಾಡ್ತೇವಿ, ತುಂಬ್ಸೋದು ರಾತ್ರಿ ಮನ್ಯಾಗ, 15 ಆಂಪ್ ಸಾಕೆಟ್ಟಿಗೆ. ಅದರಾಗ 10 ಆಂಪ್ ಎಳದ್ರ ತಾಸಿಗೆ 2.3 ಯೂನಿಟ್, ಪೂರ್ತಿ ಆಗಾಕ ಏಳು ತಾಸು ಬೇಕ.

ಚಕ್ಕಡಿ ದಾರ್ಯಾಗ ಎಷ್ಟು ದೂರ ಹೋಗ್ತೈತಿ ಅಂತ ಮಾತ್ರ ಕೇಳಬ್ಯಾಡ್ರಿ, ಎಷ್ಟು ತಾಸು ಅಂತ ಕೇಳ್ರಿ. ಇದು ನಮ್ಗೂ ತಡಾ ಆಗಿ ಹೊಳೀತು. ಎಸಿ ಹಚ್ಚಿದ್ರ ಬ್ಯಾಸಿಗ್ಯಾಗ ತಾಸಿಗೆ ಒಂದೂವರೆ-ಎರಡು ಯೂನಿಟ್ ತಿಂತೈತಿ ಅಂತ ಇಟ್ಕೋರಿ. ಹೈವೇದಾಗ ಆ ಒಂದ ತಾಸಿನ್ಯಾಗ 80 ಕಿಲೋಮೀಟರ್ ಹೋಗಿರ್ತೀರಿ, ಲೆಕ್ಕಕ್ಕ ಸಿಗಂಗಿಲ್ಲ. ಗುಡ್ಡದ ಬುಡದಾಗ ತಾಸಿಗೆ ಎಂಟು ಕಿಲೋಮೀಟರ್ ಹೋಗೋಮುಂದ ಎಸಿ ತಿಂದದ್ದು ಗಾಲಿ ತಿಂದದ್ದರ ಅರ್ಧದಷ್ಟು ಬರ್ತೈತಿ. ಅದಕ್ಕ ಹೈವೇದಾಗ ಇಂಜಿನ್ ಓಡೋಮುಂದನ ಗಾಡಿ ಒಳಗ ಚಲೋ ತಂಪು ಮಾಡಿ ಇಡ್ತೇವಿ, ಕಚ್ಚಾ ರೋಡಿಗೆ ಇಳದ ಮ್ಯಾಲೆ ಕಿಟಕಿ ಇಳಸ್ರಿ ಅಂತ ಕೇಳ್ಕೊಂತೇವಿ. ಏಪ್ರಿಲ್‌ದಾಗ ಸಣ್ಣ ಹುಡುಗ್ರು, ವಯಸ್ಸಾದವ್ರು ಇದ್ರ ಈ ಮಾತು ಬಿಡ್ರಿ, ಎಸಿ ಹಚ್ಚೇ ಹಚ್ತೇವಿ, ಸುತ್ತ ಸಣ್ಣದು ಮಾಡ್ತೇವಿ ಅಷ್ಟ.

ಇನ್ನ ಎರಿ ಮಣ್ಣು, ಅಂದ್ರ ಕಪ್ಪು ಮಣ್ಣು. ನಮ್ಮ ಕಡೆಯವ್ರಿಗೆ ಹೇಳಬೇಕಾಗಿಲ್ಲ, ಬೆಂಗಳೂರಿಂದ ಬರೋವ್ರಿಗೆ ಹೇಳಾಕತ್ತೇವಿ. ಒಣಗಿದಾಗ ಕಲ್ಲಿನಂಗ, ಒಂದು ಮಳಿ ಬಿದ್ರ ಅಂಟಿನಂಗ. ಗಾಲಿಗೆ ಮೆತ್ತಿ, ಮಡ್‌ಗಾರ್ಡಿನೊಳಗ ತುಂಬಿ, ಗಾಲಿ ರೊಟ್ಟಿ ಹಂಚಿನಂಗ ಅಗಲ ಆಗಿ ಹಿಡಿತಾನ ಇರಂಗಿಲ್ಲ. ಒಣ ದಾರ್ಯಾಗ ಒಂದು ಯೂನಿಟ್ಟಿಗೆ ಎರಡೂವರೆ ಕಿಲೋಮೀಟರ್ ಕೊಡೋ ಗಾಡಿ ಹಸಿ ಎರಿಯಾಗ ಒಂದೂ ದಾಟದ ದಿನ ನೋಡೇವಿ. ಟೈರ್ ಗಾಳಿ ಕಡಿಮಿ ಮಾಡಿದ್ರ ಹಿಡಿತ ಸಿಗ್ತೈತಿ, ಆದ್ರ ಗಟ್ಟಿ ದಾರಿಗೆ ಬಂದ ಮ್ಯಾಲೆ ಮೆತ್ತಗಾದ ಟೈರ್ ಚಾರ್ಜ್ ಹೆಚ್ಚು ತಿಂತೈತಿ. ಮ್ಯಾಲೆ ರೈತರ ಹೊಲದ ದಾರಿ ಹಾಳ ಆಗ್ತೈತಿ, ಅವ್ರು ಚಕ್ಕಡಿ ಹೆಂಗ ಒಯ್ಯಬೇಕು? ಅದಕ್ಕ ಮಳಿ ಆದ ಎರಡು ದಿನ ಎರಿ ಕಡೆ ಟ್ರಿಪ್ ಬಂದ್, ಅಡ್ವಾನ್ಸ್ ವಾಪಸ್ ಕೊಡ್ತೇವಿ, ಇಲ್ಲಾಂದ್ರ ತಾರೀಖ ಬದಲಿ ಮಾಡ್ತೇವಿ.

ಕಪ್ಪತಗುಡ್ಡದ ಕಡೆ ಹೋಗೋವ್ರಿಗೆ ಇನ್ನೊಂದು. ಅದು 2019ರಿಂದ ವನ್ಯಜೀವಿ ಧಾಮ, ಅರಣ್ಯ ಇಲಾಖೆಯವ್ರು ಬಿಟ್ಟ ರೋಡ್ ಬಿಟ್ಟು ಒಂದ ಗಾಲಿನೂ ಪಕ್ಕಕ್ಕ ಇಳಸಂಗಿಲ್ಲ, "ಸ್ವಲ್ಪ ಒಳಗ ಹೊಡೀರಿ" ಅಂತ ಒತ್ತಾಯ ಮಾಡಬ್ಯಾಡ್ರಿ. ಮಂದಿ ಕುಂತು ಎರಡೂವರೆ ಟನ್ ಆಗೋ ಗಾಡಿ 100 ಮೀಟರ್ ಎತ್ತರ ಹತ್ತಿದ್ರ ಹತ್ತೋದಕ್ಕಂತನ ಮುಕ್ಕಾಲು ಯೂನಿಟ್ ಬೇಕ. ಇಳಿಯೋಮುಂದ ಮೋಟಾರ್ ಡೈನಮೋ ಆಗಿ ಅದರಾಗ ಅರ್ಧದಷ್ಟು ವಾಪಸ್ ಕೊಡ್ತೈತಿ, ಆದ್ರ ಬ್ಯಾಟರಿನ್ಯಾಗ ಜಾಗಾ ಇದ್ರ ಮಾತ್ರ. ತುಂಬಿದ ಕೊಡಕ್ಕ ನೀರು ಹಾಕಿದ್ರ ಏನಾಗ್ತೈತಿ? ಅದಕ್ಕ ಗುಡ್ಡ ಹತ್ತೋಮುಂದ ಬ್ಯಾಟರಿ, ಇಳಿಯೋಮುಂದನೂ ಬ್ಯಾಟರಿ. ಬ್ರೇಕೂ ಕಾಯಂಗಿಲ್ಲ.

ಹಳ್ಳ ದಾಟೋಮುಂದ ಶಾಕ್ ಹೊಡೀತೈತೇನು ಅಂತ ಎಲ್ಲಾರೂ ಕೇಳ್ತಾರ. ಇಲ್ರೀ, ಬ್ಯಾಟರಿ ಪೆಟ್ಟಿಗಿ, ಆ ಕೇಸರಿ ಬಣ್ಣದ ದಪ್ಪ ವೈರ್, ಎಲ್ಲಾ ನೀರ ಹೋಗದಂಗ ಸೀಲ್ ಮಾಡಿರ್ತಾರ. ಆದ್ರೂ ಹರಿಯೋ ನೀರಿನ್ಯಾಗ ನಾವು ಇಳಸಂಗಿಲ್ಲ, ಅದು ಕರೆಂಟಿನ ಅಂಜಿಕಿ ಅಲ್ಲ, ಗಾಡಿ ತೇಲಿ ಹೋಗೋ ಅಂಜಿಕಿ.

ರೊಕ್ಕದ ಮಾತಿಗೆ ಬರೋಣು. ಇಲ್ಲಿತನಕ ಮೊದ್ಲಿನ 40 ಕಿಲೋಮೀಟರಿಗೆ ಪೆಟ್ರೋಲ್ ರೊಕ್ಕ ಇಲ್ಲ ಅಂತಿದ್ವಿ, ಅದನ್ನ ತಗದೇವಿ. ಇನ್ಮ್ಯಾಲೆ ಹೋಗೋಮುಂದ ಬಂಕಿನ್ಯಾಗ ಟ್ಯಾಂಕ್ ಫುಲ್, ಬಂದ ಮ್ಯಾಲೆ ಅದ ಬಂಕಿನ್ಯಾಗ ಮತ್ತ ಫುಲ್, ಎಷ್ಟು ಹಿಡಿತೋ ಆ ಚೀಟಿ ನಿಮ್ಮ ಕೈಯಾಗ, ಅಷ್ಟ ಕೊಡ್ರಿ. ಕರೆಂಟಿನ ಖರ್ಚು ನಮ್ದು. ಹೈವೇದಾಗ ನಾಲ್ಕು ಲೀಟರ್ ಹೆಚ್ಚು ಸುಡ್ತೈತಿ ಖರೆ, ಆದ್ರ ಕಚ್ಚಾ ದಾರ್ಯಾಗ 15 ಕಿಲೋಮೀಟರ್ ಸುತ್ತಿದ್ರ ಅಲ್ಲಿ ಮೂರು ಲೀಟರ್ ಉಳೀತೈತಿ. ಕೂಡಿಸಿ ಕಳದ್ರ ಬಿಲ್ ಒಂದು ಲೀಟರಿನಷ್ಟು ಏರ್ತೈತಿ, ಇಲ್ಲ ಅನ್ನಂಗಿಲ್ಲ. ಬರೇ ಊರಾಗ ಓಡಾಡಾಕ ಗಾಡಿ ಬೇಕಂದ್ರ ಪೂರ್ತಿ ಬ್ಯಾಟರಿಮ್ಯಾಲೇ ಹೊಡಿತೇವಿ, ಹುಬ್ಬಳ್ಳಿ-ಧಾರವಾಡ ಹೋಗಿ ಬಂದ್ರೂ 40 ಕಿಲೋಮೀಟರ್, ನಿಧಾನ ಹೋದ್ರ ಸಾಲ್ತೈತಿ. ಆದ್ರ ಪೇಡೆ ತರಾಕ ಇಷ್ಟ್ ದೊಡ್ಡ ಗಾಡಿ ಯಾಕ್ರಿ, ಚಿಗರಿ ಬಸ್ ಹತ್ರಿ.

ಗದಗಿನ್ಯಾಗ ನಮ್ಮ ಪರಿಚಯದ ಖಾನಾವಳಿಯವ್ರು ಒಂದು ಸಾಕೆಟ್ ಕೊಟ್ಟಾರ. ನೀವು ರೊಟ್ಟಿ-ಬದ್ನಿಕಾಯಿ ಊಟ ಮುಗಸೋ ಒಂದು ತಾಸಿನ್ಯಾಗ ಎರಡು ಯೂನಿಟ್ ಬರ್ತೈತಿ. ಹೈವೇದಾಗ ಅದು ನಾಲ್ಕೈದು ಕಿಲೋಮೀಟರ್, ಕಣ್ಣು ಮುಚ್ಚಿ ತಗದ್ರ ಮುಗೀತು. ಕೆರಿ ಬಾಜೂಕ ನಿಂತು ನಿಂತು ಹಕ್ಕಿ ನೋಡಾಕ ಅದ ಎರಡು ಯೂನಿಟ್ ಒಂದು ಸಂಜಿ ಪೂರ್ತಿ. ಅದಕ್ಕ ಊಟಾ ಅಲ್ಲೇ ಮಾಡ್ರಿ, ಅವಸರ ಮಾಡಬ್ಯಾಡ್ರಿ. ಕಚ್ಚಾ ದಾರ್ಯಾಗ ಡ್ರೈವರಗ "ಜೋರ ಹೊಡಿ" ಅಂತನೂ ಅನಬ್ಯಾಡ್ರಿ, ಆಕ್ಸಿಲರೇಟರ್ ಬುಡಕ್ಕ ಒತ್ತಿದ್ರ ಯಾವ ಬಟನ್ ಇದ್ರೂ ಇಂಜಿನ್ ಎದ್ದು ಕುಂಡ್ರತೈತಿ.

ಬುಕಿಂಗ್ ಹಿಂದಿನ ದಿನ ರಾತ್ರಿ ಎಂಟರೊಳಗ ಹೇಳ್ರಿ, ಚಾರ್ಜಿಗೆ ಹಚ್ಚಬೇಕ. ಕೆರೀನೋ ಗುಡ್ಡಾನೋ, ಎಷ್ಟು ಮಂದಿ, ಸಾಮಾನ ಎಷ್ಟು ಅನ್ನೋದು ಅವಾಗ್ಲೇ ಹೇಳಿಬಿಡ್ರಿ.

ಮತ್ತ ಅವತ್ತಿನ ಆ ಅಕ್ಕಾರಿಗೆ. ನಿಮ್ಮ ನಂಬರಿಗೆ ಎರಡು ಸಲ ಫೋನ್ ಮಾಡಿದ್ವಿ, ನೀವು ಎತ್ತಲಿಲ್ಲ. ಹೆಬ್ಬಾತು ಬಂದ ಸುದ್ದಿ ಸಿಕ್ಕ ಕೂಡ್ಲೆ ಒಂದು ಸುತ್ತು ನಮ್ಮ ಖರ್ಚಿನ್ಯಾಗ ಐತಿ, ಪೆಟ್ರೋಲೂ ನಮ್ದ, ಗಾಡಿ ನಾನ ಹೊಡೀತೇನಿ, ಹುಡುಗಗ ಕೊಡಂಗಿಲ್ಲ.