ಬೀಡಿ ಸೇದುವವರ ಹಿಮೋಗ್ಲೋಬಿನ್ ಓದುವಾಗ

ಮಾನ್ಯ ಸಂಪಾದಕರೇ,

ರಕ್ತ ತಪಾಸಣೆಯ ವರದಿಯಲ್ಲಿ ಹಿಮೋಗ್ಲೋಬಿನ್ (ಕೆಂಪು ಕಣಗಳಲ್ಲಿದ್ದು ಆಮ್ಲಜನಕ ಹೊರುವ ಅಂಶ) 100 ಮಿ.ಲೀ. ರಕ್ತಕ್ಕೆ 13.2 ಗ್ರಾಂ ಎಂದು ಬಂದರೆ ಗಂಡಸರು ನಿಶ್ಚಿಂತರಾಗುತ್ತಾರೆ. ಬೀಡಿ, ಸಿಗರೇಟು ಸೇದುವವರಾದರೆ ಆ ಅಂಕಿಯನ್ನು ಹಾಗೇ ನಂಬುವಂತಿಲ್ಲ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಮೋಗ್ಲೋಬಿನ್ನಿಗೆ ಅಂಟುತ್ತದೆ. ಹಾಗೆ ಅಂಟಿದ ಭಾಗ ಆಮ್ಲಜನಕ ಹೊರಲಾರದು. ಕೊರತೆ ತುಂಬಲು ದೇಹ ಕೆಂಪು ಕಣಗಳನ್ನು ಹೆಚ್ಚಿಸುತ್ತದೆ. ಅಂಕಿ ಏರುತ್ತದೆ, ಬಲ ಏರುವುದಿಲ್ಲ.

ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆಯು ಧೂಮಪಾನಿಗಳ ಅಂಕಿಯಿಂದ ಕನಿಷ್ಠ 0.3 ಗ್ರಾಂ ಕಳೆದು ನೋಡಬೇಕೆನ್ನುತ್ತದೆ. 13.2 ಆಗ 12.9 ಆಗುತ್ತದೆ. ಗಂಡಸರಿಗೆ ರಕ್ತಹೀನತೆಯ ಗಡಿ 13! ದಿನಕ್ಕೆ ಹೆಚ್ಚು ಸೇದುವವರಿಗೆ ಕಳೆಯಬೇಕಾದುದೂ ಹೆಚ್ಚು.

ರಕ್ತದ ಆಮ್ಲಜನಕ ಅಳೆಯಲು ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಇನ್ನೂ ಮೋಸ ಮಾಡುತ್ತದೆ. ಮೊನಾಕ್ಸೈಡ್ ಅಂಟಿದ ಹಿಮೋಗ್ಲೋಬಿನ್ನನ್ನೂ ಅದು ಆಮ್ಲಜನಕ ಹೊತ್ತದ್ದೆಂದೇ ಎಣಿಸಿ ಶೇ 98 ತೋರಿಸಬಹುದು. ಬಿಳಿ ಕಣಗಳ ಎಣಿಕೆಯೂ ಸೇದುವವರಲ್ಲಿ ಏರಿರುತ್ತದೆ; ಸೋಂಕೆಂದು ತಿಳಿದು ಆ್ಯಂಟಿಬಯಾಟಿಕ್ ಬರೆಯುವ ಮೊದಲು ಸೇದುತ್ತಾರೆಯೇ ಎಂದು ಕೇಳಲೇಬೇಕು.

ತಪಾಸಣೆಯ ದಿನ ಮಾತ್ರ ಬೀಡಿ ಬಿಟ್ಟರೆ ಸಾಲದು. ಮೊನಾಕ್ಸೈಡ್ ಸುಮಾರು 4-5 ತಾಸಿಗೆ ಅರ್ಧಕ್ಕಿಳಿದರೂ ಕೆಂಪು ಕಣ 120 ದಿನ ಬದುಕುವಂಥದ್ದು; ಏರಿದ ಅಂಕಿ ಒಂದೇ ದಿನದಲ್ಲಿ ಇಳಿಯದು. ಒಂದೇ ಕೋಣೆಯಲ್ಲಿ ಮಲಗುವ ಹೆಂಡತಿ, ಮಕ್ಕಳ ರಕ್ತಕ್ಕೂ ಈ ಅನಿಲ ಸೇರುತ್ತದೆ.

ಗದಗ, ಹಾವೇರಿ, ಹುಬ್ಬಳ್ಳಿ-ಧಾರವಾಡದ ಲ್ಯಾಬುಗಳು ತಪಾಸಣೆಯ ಚೀಟಿಯಲ್ಲಿ ‘ದಿನಕ್ಕೆ ಎಷ್ಟು ಬೀಡಿ, ಸಿಗರೇಟು? ಕೊನೆಯದು ಎಷ್ಟು ಹೊತ್ತಿಗೆ?’ ಎಂಬ ಎರಡು ಸಾಲು ಸೇರಿಸಲಿ.

– ರಕ್ತ ತಪಾಸಣಾ ತಂತ್ರಜ್ಞರು, ಗದಗ