ಯಮನ್ ಒಂದನ್ನೇ ಕೇಳ್ತಾ ಇರು: ಗೆಳೆಯನಿಗೊಂದು ಪತ್ರ

ಲೋ ಗೆಳೆಯಾ,

ಮೊನ್ನೆ ಫೋನಲ್ಲಿ ಕೇಳ್ದೆಯಲ್ಲ, ಸಂಗೀತ ಕಲೀದೇ ಇರೋನು ನೀನು ಗಂಟೆಗಟ್ಲೆ ಆ ಆಲಾಪ, ಅದೇ ನಿಧಾನಕ್ಕೆ ರಾಗ ಬಿಡಿಸೋದು, ಹೆಂಗ್ ಕೇಳ್ತೀಯ ಅಂತ. ಆವತ್ತು ಟ್ರಾಫಿಕ್ ಗಲಾಟೇಲಿ ಸರಿಯಾಗಿ ಹೇಳೋಕಾಗ್ಲಿಲ್ಲ.

ನಂಗೆ ಶುರುವಾಗಿದ್ದು ದಾಸರ ಪದದಿಂದಾನೇ ಕಣೋ. ಭೀಮಸೇನ ಜೋಶಿಯವರ 'ಭಾಗ್ಯದ ಲಕ್ಷ್ಮಿ ಬಾರಮ್ಮ' ನಮ್ಮನೇಲಿ ಶುಕ್ರವಾರ ಬಂತು ಅಂದ್ರೆ ಹಾಕ್ತಿದ್ರು, ಆ ದನಿಯ ಹುಚ್ಚಿಗೇ ಹುಡುಕ್ತಾ ಹೋಗಿ ಅವರು ಹಾಡಿದ ಯಮನ್ ಅನ್ನೋ ಹಿಂದೂಸ್ತಾನಿ ರಾಗ ಸಿಕ್ತು. ವಿಲಂಬಿತ ಏಕತಾಲ, ಅಂದ್ರೆ ತುಂಬಾ ನಿಧಾನದ ತಾಳ, 12 ಮಾತ್ರೆಯ (ತಾಳದ ಎಣಿಕೆ) ಒಂದು ಸುತ್ತು ಮುಗಿಯೋಕೇ ನಿಮಿಷದ ಹತ್ರ ಬೇಕು, ಸಾಹಿತ್ಯ ಅಂತ ನೋಡಿದ್ರೆ ಎರಡು ಸಾಲು. ಆದ್ರೂ ಬಿಡೋಕಾಗ್ಲಿಲ್ಲ, ಬೇರೆ ರಾಗದ ಕಡೆ ಹೋಗ್ದೆ ಅದೊಂದನ್ನೇ ಕೇಳ್ತಾ ಇದ್ದೆ.

ಒಂದಿನ ಪಾತ್ರೆ ತೊಳೀತಾ ಇದ್ದಾಗ ಕಿವಿಗೆ ಬಿತ್ತು ನೋಡು: ಷಡ್ಜ, ಅಂದ್ರೆ ಸ ಬಿಟ್ಟು ಕೆಳಗಿನ ನಿ ಇಂದ ರಿ, ಅಲ್ಲಿಂದ ಗ, ಆ ಗಾಂಧಾರದ ಮೇಲೆ ಹಾಗೇ ನಿಂತ್ಬಿಟ್ರು, ತಂಬೂರಿ ಜೊತೆ ದನಿ ಕರಗೋವರೆಗೂ. ಆಮೇಲೆ ತೀವ್ರ ಮಧ್ಯಮ, ಅಂದ್ರೆ ಸ್ವಲ್ಪ ಏರಿಸಿದ ಮ ಮುಟ್ಟಿದ್ರು, ಅದು ಪಂಚಮದ (ಪ) ಕಡೆ ಎಳೀತಾ ಇದೆ, ಇವರು ಕೊಡ್ತಾ ಇಲ್ಲ, ವಾಪಸ್ ಗಾಂಧಾರಕ್ಕೆ ಬಂದ್ಬಿಟ್ರು. ಕೊನೆಗೆ ಪಂಚಮ ಹಚ್ಚಿದಾಗ ನಲ್ಲಿ ನಿಲ್ಸಿ ನಿಂತ್ಕೊಂಡೆ ಕಣೋ, ಮೈ ಜುಮ್ಮಂತು.

ಆಮೇಲೆ ಬೆಂಗಳೂರಿನ ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಚೇರಿಗೆ ಹೋದೆ. ಗೊತ್ತಲ್ಲ, 1939ರಿಂದ ನಡೀತಿರೋದು. ಪಿಟೀಲಲ್ಲಿ ಬಂದಿದ್ದು ಎಲ್ಲೋ ಕೇಳಿದೀನಲ್ಲ ಅನ್ಸಿ ಪಕ್ಕದ ಹಿರಿಯರನ್ನ ಕೇಳ್ದೆ, ಯಮನ್ ಥರ ಇದೆಯಲ್ಲ ಸಾರ್ ಅಂತ. 'ಕಲ್ಯಾಣಿ ಕಣಪ್ಪಾ, ಸ್ವರ ಅವೇ, ಗಮಕ ನಮ್ದು' ಅಂದ್ರು. ಗಮಕ ಅಂದ್ರೆ ಸ್ವರಾನ ಅಲುಗಾಡಿಸೋ ರೀತಿ. 65ನೇ ಮೇಳಕರ್ತ ಅಂತೆ, ಅಂದ್ರೆ ಕರ್ನಾಟಕ ಸಂಗೀತದ ಮೂಲ ರಾಗಗಳ ಪಟ್ಟೀಲಿ 65ನೇದು, ಅದರ ಮಧ್ಯಮ ಒಂದನ್ನ ಇಳಿಸಿ ಶುದ್ಧ ಮಾಡಿದ್ರೆ 29ನೇದು, ಶಂಕರಾಭರಣ. ಒಂದೇ ಸ್ವರ! ಅವತ್ತಿಂದ ನಾನು ಯಾವ ರಾಗ ಬಂದ್ರೂ ಮೊದ್ಲು ಮಧ್ಯಮ ಹುಡುಕ್ತೀನಿ.

ಅದಕ್ಕೇ ಹೇಳೋದು, ರಾಗದ ಪಟ್ಟಿ ಉರು ಹೊಡೀಬೇಡ. ಒಂದೇ ರಾಗ ಹಿಡಿ, ಬೇರೆಬೇರೆಯವರ ಬಾಯಲ್ಲಿ ಕೇಳು. ಧಾರವಾಡದ ಮಲ್ಲಿಕಾರ್ಜುನ ಮನ್ಸೂರರನ್ನೂ ಕೇಳ್ಲೇಬೇಕು. ಅವರದು ಜೈಪುರ-ಅತ್ರೌಲಿ ಘರಾಣೆ, ಅಂದ್ರೆ ಹಾಡೋ ಪರಂಪರೆ, ಜೋಶಿಯವರ ಕಿರಾಣಾ ಘರಾಣೆಯವರ ಹಾಗೆ ಒಂದೊಂದೇ ಸ್ವರದ ಮೇಲೆ ಕೂರಲ್ಲ, ಮೊದಲಿಂದ್ಲೂ ಲಯದ ಜೊತೇನೇ ಸುತ್ತಿ ಸುತ್ತಿ ಸಮಕ್ಕೆ (ತಾಳದ ಮೊದಲ ಮಾತ್ರೆಗೆ) ಬಂದು ಬೀಳ್ತಾರೆ, ನಂಗಂತೂ ಈಗ ಅವರೇ ಒಂದು ಕೈ ಮೇಲು.

ಎರಡು ರೆಕಾರ್ಡಿಂಗ್ ವಾಟ್ಸಾಪಲ್ಲಿ ಕಳಿಸ್ತೀನಿ, ರಾತ್ರಿ ಊಟ ಆದ್ಮೇಲೆ ಕೇಳು. ರಾಮನವಮಿಗೆ ಬಾರೋ, ನಮ್ಮನೇಲೇ ಉಳ್ಕೊ.

ನಿನ್ನ ಗೆಳೆಯ