ಕಂಬದ ನಂಬರ್ ಬರೆದಿಡುತ್ತಿದ್ದ ಅಮ್ಮ

ಮಾನ್ಯ ಸಂಪಾದಕರೇ,

ಅಮ್ಮ ಹೋಗಿ ಇಂದಿಗೆ ಒಂದು ತಿಂಗಳು. ನಿನ್ನೆ ಅವಳ ಪೆಟ್ಟಿಗೆ ತೆಗೆದಾಗ ಒಂದು ಹಳೇ ನೋಟ್‌ಬುಕ್ ಸಿಕ್ಕಿತು. ಪುಟದ ತುಂಬ ಬೀದಿದೀಪದ ಕಂಬಗಳ ನಂಬರ್, ದೂರು ಕೊಟ್ಟ ದಿನ. ಕೆಟ್ಟ ದೀಪದ ಮುಂದೆ ಪೆನ್ಸಿಲಿನಲ್ಲಿ ಒಂದು ಸೊನ್ನೆ. ದೀಪ ಹತ್ತಿದ ಮೇಲೆ ಅದನ್ನು ಅಳಿಸಿ ಪೆನ್ನಿನಲ್ಲಿ ತಾರೀಕು. ‘ಸುಮ್ನೆ ಬೀದಿ ಕತ್ತಲು ಅಂದ್ರೆ ಯಾರಿಗೆ ಗೊತ್ತಾಗುತ್ತೆ? ಕಂಬದ ನಂಬರ್ ಹೇಳಬೇಕು’ ಅನ್ನುತ್ತಿದ್ದಳು. ದೂರಿನ ನಂಬರ್ ಬರೆಸಿಕೊಳ್ಳದೆ ಕಚೇರಿಯಿಂದ ಹೊರಗೆ ಬರುತ್ತಿರಲಿಲ್ಲ.

ಚಿಕ್ಕವರಿದ್ದಾಗ ನಮ್ಮ ಕೈ ಹಿಡಿದುಕೊಂಡೇ ಸಭೆಗಳಿಗೆ ಹೋಗುತ್ತಿದ್ದಳು. ಅವಳು ಎದ್ದು ಪ್ರಶ್ನೆ ಕೇಳಿದರೆ ನಮಗೆ ನಾಚಿಕೆ. ಈಗ ನೆನೆದರೆ ಹೆಮ್ಮೆಯಾಗುತ್ತದೆ. ನನಗೆ 18 ತುಂಬಿದ್ದೇ ತಡ, ಮತದಾರರ ಪಟ್ಟಿಯ ಅರ್ಜಿ ತಂದು ಮುಂದಿಟ್ಟಳು.

ಬೀರುವಿನ ಬಾಗಿಲ ಒಳಗೆ ಅವಳದೇ ಅಕ್ಷರದ ಒಂದು ಚೀಟಿ ಅಂಟಿಸಿತ್ತು. ‘ನಾನು ಹೋದ ಕೂಡಲೇ ಕಣ್ಣಿನ ಬ್ಯಾಂಕಿಗೆ ಫೋನ್ ಮಾಡಿ. ಫ್ಯಾನ್ ಆರಿಸಿ. ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಿ. ತಲೆ ಕೆಳಗೆ ದಿಂಬು ಇರಲಿ.’ ಹಾಗೇ ಮಾಡಿದೆವು. ದಾನಕ್ಕೆ ಕಣ್ಣು ತೆಗೆಯುವ ಕೆಲಸ ಸಾಮಾನ್ಯವಾಗಿ ಜೀವ ಹೋದ 6 ಗಂಟೆಗಳೊಳಗೆ ಆಗಬೇಕು. ಅಳುತ್ತಾ ಕೂತರೆ ಹೊತ್ತು ಮೀರುತ್ತೆ ಅಂತ ಅವಳಿಗೆ ಮೊದಲೇ ಗೊತ್ತಿತ್ತು, ಅಲ್ವಾ? ಕನ್ನಡಕ ಹಾಕುವವರೂ, ಪೊರೆಯ ಆಪರೇಷನ್ ಆದವರೂ ಕಣ್ಣು ಕೊಡಬಹುದು. ಅಮ್ಮನಿಗೆ ಎರಡೂ ಇತ್ತು. ಓದುಗರಿಗೆ ಇದು ತಿಳಿದಿರಲಿ ಎಂದೇ ಈ ಪತ್ರ.

ನೋಟ್‌ಬುಕ್‌ನ ಕೊನೆ ಪುಟದಲ್ಲಿ ಇನ್ನೂ ಒಂದು ಸೊನ್ನೆ ಉಳಿದಿದೆ. ಸೋಮವಾರ ನಾನೇ ಹೋಗಿ ದೂರು ಕೊಟ್ಟು ಬರುತ್ತೇನೆ.

– ಒಬ್ಬ ಮಗಳು